ಅಮ್ಮನ ತೀರ್ಥ, ನನ್ನ ಮೊಣಕಾಲು

ಈಜಲು ಬಾರದವನು ಈಜುಕೊಳ ಕಟ್ಟಿಸಬಾರದೆಂಬ ಕಾನೂನು ಸದ್ಯ ನಮ್ಮ ದೇಶದಲ್ಲಿ ಇಲ್ಲ. ಇದ್ದಿದ್ದರೆ ಬೆಳಗೋಡು ಹೋಬಳಿಯಿಂದ ಮೊದಲು ಜೈಲಿಗೆ ಹೋಗುತ್ತಿದ್ದವನು ನಾನೇ. ಎಸ್ಟೇಟಿನಲ್ಲಿ ಹೋಂಸ್ಟೇ ಮಾಡುತ್ತೇನೆಂದು ಹೊರಟವನು, ಬೋರ್ಡು ಬರೆಸುವ ಮೊದಲೇ ಮನೆಯ ಹಿಂದೆ ಎದೆಮಟ್ಟದ ಕೊಳ ಕಟ್ಟಿಸಿಬಿಟ್ಟೆ. ಆಮೇಲೆ ನನ್ನ ಹೆಂಡತಿ ಜೆಸಿಂತಾ, "ಕಂಡಕಂಡವರಿಗೆಲ್ಲ ಹಂದಿ ಸಾರು ಬೇಯಿಸ್ತಾ ಕೂರೋಕೆ ನನ್ನಿಂದಾಗಲ್ಲ" ಎಂದಳು. ಹೋಂಸ್ಟೇ ಅಲ್ಲಿಗೇ ಮುಗಿಯಿತು, ಕೊಳ ಮಾತ್ರ ಉಳಿಯಿತು. ಈವರೆಗೆ ಅದರಲ್ಲಿ ಇಳಿದವರೆಂದರೆ ಕಪ್ಪೆಗಳು ಮತ್ತು ಪಾಚಿಯನ್ನು ಹುಲ್ಲೆಂದು ನಂಬಿ ಕಾಲಿಟ್ಟ ನಮ್ಮ ಕರು.

ಈ ವರ್ಷ ಕೊಳಕ್ಕೆ ಕೊನೆಗೂ ಒಂದು ಕೆಲಸ ಸಿಕ್ಕಿತು. ನನ್ನ ಮೊಣಕಾಲುಗಳು ಮೆಟ್ಟಿಲು ಕಂಡರೆ ಮುಷ್ಕರ ಹೂಡುತ್ತಿದ್ದವು. ಹಾಸನದ ಡಾಕ್ಟರು, "ತೂಕ ಇಳಿಸಿ, ಇಲ್ಲಾ ದಿನಾ ನೀರಿನೊಳಗೆ ನಡೀರಿ. ಮಳೆಗಾಲದ ಹೊತ್ತಿಗೆ ಸರಿಹೋಗದಿದ್ದರೆ ಆಪರೇಷನ್" ಎಂದರು. ತೂಕ ಇಳಿಸುವುದು ಜೆಸಿಂತಾಳ ಹಂದಿ ಸಾರಿಗೆ ಬಗೆಯುವ ದ್ರೋಹ. ಆಪರೇಷನ್ ಎಂದರೆ, ಸೂಜಿ ಕಂಡರೇ ನನ್ನ ಜೀವ ಬಾಯಿಗೆ ಬರುತ್ತದೆ. ಅಮ್ಮ ಗಾಬರಿಯಾಗುತ್ತಾಳೆಂದು ಅವಳಿಗೆ ಏನೂ ಹೇಳದೆ ನೀರನ್ನೇ ಆರಿಸಿಕೊಂಡೆ.

ಕಾಫಿ ಕೊಯ್ಲು ಮುಗಿದದ್ದೇ ತಡ, ನಮ್ಮ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಮಂಜಣ್ಣನನ್ನು ಕರೆದು ಕೊಳ ಖಾಲಿ ಮಾಡಿಸಿದೆ. ಸಿಲ್ವರ್ ಓಕಿನ ಎಲೆಗಳೆಲ್ಲ ತಳದಲ್ಲಿ ಕೊಳೆತು ಕಪ್ಪಗಾಗಿದ್ದವು. "ಇದನ್ಯಾಕೆ ತೊಳೀತೀರಾ ಸಾವ್ಕಾರ್ರೇ? ಒಳ್ಳೆ ಗೊಬ್ರ ಐತೆ, ಏಲಕ್ಕಿ ಹಾಕ್ಬುಡಾನ" ಎಂದು ಅವನು ಕಿಸಕ್ಕನೆ ನಕ್ಕ. ಅವನ ನಗುವನ್ನು ಸಹಿಸಿಕೊಂಡು, ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸಿ, ಹೊಸ ನೀರು ತುಂಬಿಸಿದೆ. ನೀಲಿ ಟೈಲ್ಸ್ ಕಾಣಿಸಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಸಕಲೇಶಪುರಕ್ಕೆ ಹೋಗಿ ಈಜುಚಡ್ಡಿಯನ್ನೂ ತಂದೆ. ನನ್ನ ಸುತ್ತಳತೆಗೆ ಸಿಕ್ಕಿದ್ದು ಒಂದೇ, ಅದರ ತುಂಬ ಗಿಳಿಗಳು.

ಅದೇ ಹೊತ್ತಿಗೆ ನಮ್ಮ ಚರ್ಚಿನ ಹೊಸ ಫಾದರ್ ಮನೆಗಳನ್ನು ಆಶೀರ್ವದಿಸುತ್ತಾ ನಮ್ಮಲ್ಲಿಗೂ ಬಂದರು. ನಮ್ಮ ಮನೆಯಲ್ಲಿ ಜೀಪಾಗಲಿ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರವಾಗಲಿ, ಅದರ ಮೇಲೆ ತೀರ್ಥ ಬೀಳದೆ ಚಾಲೂ ಆಗುವುದಿಲ್ಲ. "ಇದಕ್ಕೂ ಒಂದು ಪ್ರಾರ್ಥನೆ ಮಾಡಿ ಫಾದರ್" ಎಂದು ಅಮ್ಮ ಕೊಳ ತೋರಿಸಿದಳು. ಪಾಪ, ಅವರು ಕೈಯೆತ್ತಿ ಪ್ರಾರ್ಥಿಸಿ, ಕಾಫಿ ಕುಡಿದು ಹೋದರು.

ಮರುದಿನ ಗಿಳಿಗಳೊಂದಿಗೆ ಹೋಗಿ ಒಂದು ಕಾಲು ಇಳಿಸಿದ್ದೆ, ಅಷ್ಟೆ. ನಮ್ಮ ಮನೆಯಲ್ಲಿ ಮಾತುಕತೆಯೆಲ್ಲ ಕೊಂಕಣಿ, ಬೈಗುಳ ಮಾತ್ರ ಕನ್ನಡ. ಹಿಂದಿನಿಂದ ಅಮ್ಮನ ಕನ್ನಡ ಕೇಳಿಸಿತು.

"ಎತ್ತೋ ಕಾಲ್ನ! ಫಾದರ್ ಕೈಯೆತ್ತಿದ ಮೇಲೆ ಅದೆಲ್ಲಾ ತೀರ್ಥ ಕಣೋ. ತೀರ್ಥದೊಳಗೆ ಚಡ್ಡೀಲಿ ಇಳೀತಾರೇನೋ?"

ನಾನು ಫಾದರಿಗೆ ಫೋನ್ ಮಾಡಿದೆ. "ಆಶೀರ್ವದಿಸಿದ್ದು ಕೊಳವನ್ನು, ನೀರನ್ನಲ್ಲ. ಧಾರಾಳವಾಗಿ ಇಳೀರಿ" ಎಂದರು. ಅದನ್ನು ಅಮ್ಮನಿಗೆ ಹೇಳಿದರೆ, "ಅವರಿಗಿನ್ನೂ ಚಿಕ್ಕ ವಯಸ್ಸು" ಎಂದುಬಿಟ್ಟಳು.

ಆಗ ನನಗೆ ಅಮ್ಮನದೇ ಒಂದು ಶಾಸ್ತ್ರ ನೆನಪಾಯಿತು. ದೇವರ ಪೀಠದ ಬಳಿಯ ತೀರ್ಥದ ಬಾಟಲಿಯನ್ನು ಅವಳು ಎಂದೂ ಖಾಲಿಯಾಗಲು ಬಿಟ್ಟವಳಲ್ಲ. ಸ್ವಲ್ಪ ಇಳಿದೊಡನೆ ನಲ್ಲಿ ನೀರು ಸೇರಿಸುತ್ತಾಳೆ. ಆದರೆ ಹೊಸ ನೀರು ಅರ್ಧ ದಾಟಬಾರದು, ದಾಟಿದರೆ ತೀರ್ಥ ಹೋಗಿ ಬರೀ ನೀರಾಗುತ್ತದಂತೆ. "ಹಾಗಾದರೆ ಮುಕ್ಕಾಲು ಖಾಲಿ ಮಾಡಿ ಬೋರ್‌ವೆಲ್ ನೀರು ತುಂಬ್ತೀನಿ" ಎಂದೆ, ಗೆದ್ದ ಧಾಟಿಯಲ್ಲಿ.

"ತೀರ್ಥಾನ ಚರಂಡಿಗೆ ಬಿಡ್ತೀಯಾ?" ಎಂದಳು ಅಮ್ಮ. ಅಲ್ಲಿಗೆ ನನ್ನ ಕಾನೂನು ಜ್ಞಾನ ಮುಗಿಯಿತು.

ಅಷ್ಟರಲ್ಲಿ ಮಂಜಣ್ಣ ಖಾಲಿ ಬಾಟಲಿ ಹಿಡಿದು ಹಾಜರಾದ. "ಅಮ್ಮಾರೇ, ನಮ್ಮನೆ ಹಸ ಹಾಲ್ ಕೊಡ್ತಿಲ್ಲ, ಒದೀತೈತೆ. ಒಸಿ ನೀರ್ ಕೊಡಿ, ಮೈ ಮ್ಯಾಲೆ ಚಿಮುಕಿಸ್ತೀನಿ." ಅಮ್ಮ ತನ್ನ ಕೈಯಾರೆ ಬಾಟಲಿ ತುಂಬಿಸಿಕೊಟ್ಟಳು. ನನಗೆ ಮೈಯೆಲ್ಲ ಉರಿದುಹೋಯಿತು.

"ಮಂಜಣ್ಣನ ಹಸುವಿಗೆ ಆಗುತ್ತೆ, ನನ್ನ ಮೊಣಕಾಲಿಗೆ ಆಗಲ್ವಾ? ಡಾಕ್ಟರು ಆಪರೇಷನ್ ಅಂದಿದ್ದಾರೆ!" ಎಂದು ಕೂಗಿಬಿಟ್ಟೆ.

ಅಮ್ಮ ಹತ್ತಿರ ಬಂದು, "ಆಟಕ್ಕೆ ಇಳೀತೀಯ ಅಂದ್ಕಂಡಿದ್ನಲ್ಲೋ. ನಂಗ್ಯಾಕೆ ಹೇಳ್ಲಿಲ್ಲ?" ಎಂದಳು. ನನಗೆ ನಾಚಿಕೆಯಾಯಿತು. ಆಮೇಲೆ ಅವಳೇ ಕೇಳಿದಳು: "ನನ್ ಮೊಣಕಾಲಿಗೂ ಆಗ್ತದಾ?"

ಅಂದಿನಿಂದ ದಿನಾ ಸಂಜೆ ಅಮ್ಮ ಮತ್ತು ನಾನು ಕೈ ಹಿಡಿದುಕೊಂಡು ಕೊಳದಲ್ಲಿ ಅತ್ತಿಂದಿತ್ತ ನಡೆಯುತ್ತೇವೆ. ಅವಳು ಸೀರೆಯಲ್ಲಿ, ನಾನು ಪ್ಯಾಂಟು, ತುಂಬುತೋಳಿನ ಷರ್ಟಿನಲ್ಲಿ. ಬಾಯಲ್ಲಿ ಜಪಮಾಲೆಯ ಪ್ರಾರ್ಥನೆ. ನೀರು ಎರಚಾಡುವಂತಿಲ್ಲ, ಮುಳುಗುವಂತೆಯೂ ಇಲ್ಲ. ಗಿಳಿಗಳು ಬೀರುವಿನಲ್ಲಿವೆ. ಜೆಸಿಂತಾ ದಂಡೆಯಲ್ಲಿ ಕೂತು ಬಿದ್ದು ಬಿದ್ದು ನಗುತ್ತಾಳೆ. ನಗಲಿ. ಇಷ್ಟು ವರ್ಷಗಳ ಮೇಲೆ ಅಮ್ಮನ ಕೈ ಹಿಡಿದು ನಡೆಯುವುದು ನನಗೆ ಬಹಳ ಹಿಡಿಸಿದೆ.

ಮೊನ್ನೆ ಅಮ್ಮ ದೋಣಿಗಲ್ಲಿನಲ್ಲಿರುವ ತನ್ನ ತಂಗಿಯ ಮನೆಗೆ ಹೋಗಿದ್ದಳು. ಬಿಸಿಲಿಗೆ ಕೊಳದ ನೀರು ಇಳಿದಿತ್ತು. ಮಂಜಣ್ಣ ಮೋಟರ್ ಹಾಕಿದ್ದು ಜಗಲಿಯಲ್ಲಿ ಕೂತಿದ್ದ ನನಗೆ ಕೇಳಿಸಿತು. ಮೆಟ್ಟಿಲು ಇಳಿದು, ಕಾಫಿ ಕಣ ದಾಟಿ, ಪಂಪಿನ ಮನೆಯವರೆಗೂ ಓಡಿಹೋಗಿ ಕೂಗಿದೆ: "ಹೊಸ ನೀರು ಅರ್ಧ ದಾಟಿಸಬೇಡ ಮಾರಾಯ!"

ಮಂಜಣ್ಣ ನನ್ನ ಮುಖ ನೋಡಲಿಲ್ಲ, ಮೊಣಕಾಲು ನೋಡಿದ. ಆಮೇಲೆ ನಾನೂ ನೋಡಿಕೊಂಡೆ. ಇದು ನೀರಿನಲ್ಲಿ ನಡೆದದ್ದರ ಗುಣ ಎಂದು ಡಾಕ್ಟರಿಗೆ ಹೇಳುತ್ತೇನೆ. ಅಮ್ಮನಿಗೆ ಹಾಗೆ ಹೇಳುವ ಧೈರ್ಯ ಮಾತ್ರ ನನಗಿಲ್ಲ.