ಹೊಸತೊಡಕಿಗೆ ಚಪ್ಪಟೆತಲೆ ಮೀನು

ಸಮುದ್ರ ಎಲ್ಲಿ, ಬಸವೇಶ್ವರನಗರ ಎಲ್ಲಿ? ಆದರೂ ಇಲ್ಲಿ ಕೂತು ಅಳಿವೆಯ ಮೀನು ಹಿಡಿಯುವ ಹುಚ್ಚು ಹತ್ತಿಸಿಕೊಂಡವನಿಗೆ ಇಂಥವು ಒಂದಲ್ಲ ಒಂದು ಆಗುತ್ತಲೇ ಇರುತ್ತವೆ. ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು. ರಿಟೈರ್ ಆದ ಮೇಲೆ ಮೊಬೈಲಿನಲ್ಲಿ ವಿದೇಶದವರ ವಿಡಿಯೊ ನೋಡಿ ನೋಡಿ ಕೆಟ್ಟೆ. ನದಿ ಸಮುದ್ರ ಸೇರುವ ಕಡೆ, ಸೊಂಟದುದ್ದದ ನೀರಿನಲ್ಲಿ, ಅವರು ದೋಣಿಯನ್ನು ನಡಿಗೆಯ ವೇಗದಲ್ಲಿ ಬಿಟ್ಟು ಅದರ ಹಿಂದೆ ದಾರಕ್ಕೆ ಕಟ್ಟಿದ ನಕಲಿ ಮೀನೊಂದನ್ನು ಎಳೆದುಕೊಂಡು ಹೋಗುತ್ತಾರೆ. ಅದಕ್ಕೆ ಲ್ಯೂರ್ ಅಂತ ಹೆಸರು. ಅದು ತಳದ ಮರಳಿಗೆ ಟಕ್ ಟಕ್ ಅಂತ ಬಡಿಯುತ್ತಾ ಸಾಗಬೇಕು. ಆಗ ಮರಳಲ್ಲಿ ಹೂತುಕೊಂಡು ಕಣ್ಣಷ್ಟೇ ಹೊರಗಿಟ್ಟು ಮಲಗಿರುವ ಫ್ಲಾಟ್‌ಹೆಡ್, ಅಂದರೆ ಚಪ್ಪಟೆತಲೆ ಮೀನು, ಗಬಕ್ಕನೆ ಎದ್ದು ಅದನ್ನು ಹಿಡಿಯುತ್ತದೆ. ವಿಡಿಯೊದಲ್ಲಿ ಹಿಡಿಯುತ್ತದೆ.

ನೋಡಿಕೊಂಡು ಸುಮ್ಮನಿದ್ದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಮಗಳ ಮದುವೆಯಾಗಿ ಬೀಗರೂಟಕ್ಕೆ ಕೂತಿದ್ದಾಗ, ಮಾತಿನ ಭರದಲ್ಲಿ ನನ್ನ ನಾಲಗೆ ಜಾರಿತು. ಪಕ್ಕದಲ್ಲಿದ್ದವರು ಅಳಿಯನ ತಂದೆ, ಕೆಂಗೇರಿಯ ಹಳೇ ಮನೆತನದವರು. ಮಾತು ಕಮ್ಮಿ, ಮೀಸೆ ಜಾಸ್ತಿ. "ಬೀಗ್ರೆ, ಯುಗಾದಿ ಮಾರನೇ ದಿನ ಹೊಸತೊಡಕಿಗೆ ನೀವೆಲ್ಲಾ ನಮ್ಮನೆಗೇ ಬರಬೇಕು. ಬಾಡಿನೂಟ ಎಲ್ರೂ ಹಾಕ್ತಾರೆ. ನಾನು ನನ್ನ ಕೈಯಾರೆ ಹಿಡಿದ ಮೀನು ಹಾಕ್ತೀನಿ" ಅಂದುಬಿಟ್ಟೆ. ಅವರು ಮೂಳೆ ಚೀಪುವುದನ್ನು ನಿಲ್ಲಿಸಿ "ನೋಡೋಣ" ಅಂದರು. ಇಡೀ ಪಂಕ್ತಿ ಕೇಳಿಸಿಕೊಂಡಿತು. ಹೊಸ ಅಳಿಯನ ಮೊದಲನೇ ಹೊಸತೊಡಕು, ಮಾಂಸವಿಲ್ಲದಿದ್ದರೆ ನಮ್ಮ ಕಡೆ ಅದು ಹಬ್ಬವೇ ಅಲ್ಲ. ಹೆಂಡತಿ ಮನೆಗೆ ಬಂದ ಮೇಲೆ ಕೇಳಿದಳು: "ಇಲ್ಲೀವರೆಗೆ ಎಷ್ಟು ಹಿಡಿದಿದೀರಿ?"

ಒಂದೂ ಇಲ್ಲ.

೧. ನಾಗರಬಾವಿಯಲ್ಲಿ ಅಭ್ಯಾಸ

ಮೊದಲು ಅಭ್ಯಾಸ ಬೇಕು ಅಂದವನು ನನ್ನ ಗೆಳೆಯ. ವಿಜಯನಗರದಲ್ಲಿ ಅವನದು ಸ್ಕೂಟರ್ ಬಿಡಿಭಾಗಗಳ ಅಂಗಡಿ. ಚಿಕ್ಕಂದಿನಿಂದ ನನ್ನ ಎಲ್ಲ ಮೂರ್ಖತನಕ್ಕೂ ಗಾಡಿ ಓಡಿಸಿಕೊಟ್ಟವನು. "ನೀರಿಲ್ದಿದ್ರೇನು ಗುರು? ದೋಣಿ ಬದಲು ಸ್ಕೂಟರು, ಮರಳಿನ ಬದಲು ರೋಡು. ಟಕ್ ಟಕ್ ಅನ್ನೋದು ಕೈಗೆ ಗೊತ್ತಾದ್ರೆ ಸಾಕಲ್ವಾ?" ಅಂದ. ಕೇಳಿದಾಗ ಬಹಳ ಸರಿ ಅನ್ನಿಸಿತು.

ಒಂದು ಭಾನುವಾರ ಬೆಳಿಗ್ಗೆ ನಾಗರಬಾವಿಯ ಖಾಲಿ ಬಡಾವಣೆಯೊಂದನ್ನು ಆರಿಸಿಕೊಂಡೆವು. ಅವನು ನಡಿಗೆಯ ವೇಗದಲ್ಲಿ ಸ್ಕೂಟರ್ ಬಿಟ್ಟ. ನಾನು ಹಿಂದಿನ ಸೀಟಿನಲ್ಲಿ ಹಿಂದುಮುಂದಾಗಿ ಕೂತು, ಗಾಳದ ಕೋಲು ಹಿಡಿದು, ಕೊಕ್ಕೆ ಕಳಚಿದ ಲ್ಯೂರನ್ನು ರಸ್ತೆಯ ಮೇಲೆ ಎಳೆಯತೊಡಗಿದೆ. ಟಕ್ ಟಕ್ ಚೆನ್ನಾಗಿಯೇ ಬರುತ್ತಿತ್ತು. ಎರಡನೇ ಕ್ರಾಸಿನಲ್ಲಿ ಕಾರಿನ ಕೆಳಗೆ ಮಲಗಿದ್ದ ಕಂದು ನಾಯಿಯೊಂದು ತಲೆ ಎತ್ತಿ ನೋಡಿತು. ಒಂದೇ ನೆಗೆತಕ್ಕೆ ಲ್ಯೂರನ್ನು ಬಾಯಲ್ಲಿ ಕಚ್ಚಿ ಓಟ ಕಿತ್ತಿತು. ಕೋಲಿಗಿದ್ದ ದಾರದ ರೀಲು ಕಿರ್ರೆಂದು ಕೂಗಿತು, ನಾನೂ ಕೂಗಿದೆ. ಗೆಳೆಯ ಗಾಬರಿಯಲ್ಲಿ ಗಾಡಿ ತಿರುಗಿಸಿದ. ಈಗ ನಾಯಿ ಮುಂದೆ, ನಾವು ಹಿಂದೆ. ಮೂರು ಮನೆಯ ರಂಗೋಲಿ ಹಾಳಾಯಿತು.

ಗೇಟಿನ ಹತ್ತಿರ ನೀರು ಹಾಕುತ್ತಿದ್ದ ಆಂಟಿಯೊಬ್ಬರು ಬಕೆಟ್ ಕೆಳಗಿಟ್ಟು ಓಡಿಬಂದರು. ಬೈಗುಳಕ್ಕೆ ನಾನು ತಲೆ ಬಗ್ಗಿಸಿ ತಯಾರಾದೆ. ಅವರ ಕಣ್ಣಲ್ಲಿ ನೀರು ತುಂಬಿತ್ತು. "ಅಂತೂ ಬಂದ್ರಲ್ಲ ಸಾರ್! ಎಷ್ಟು ಕಂಪ್ಲೇಂಟ್ ಕೊಟ್ಟಿದ್ವಿ ನಾಯಿ ಹಿಡಿಯೋಕೆ! ಇದನ್ನ ಹಿಡಿದಾದ್ಮೇಲೆ ಹಿಂದಿನ ಬೀದೀಲಿ ಒಂದು ಕರೀದಿದೆ, ಅದಕ್ಕೂ ಇದೇ ಹಾಕಿ."

೨. ಅಮ್ಮನ ಆಯುಧಪೂಜೆ

ಅಂಗಡಿಯ ಲ್ಯೂರು ನನಗೆ ಹಿಡಿಸಲಿಲ್ಲ. ಡ್ರಾಯಿಂಗ್ ಮೇಷ್ಟ್ರ ಜಂಭ. ಬಣ್ಣವಿಲ್ಲದ ಮರದ ಲ್ಯೂರೊಂದನ್ನು ತರಿಸಿ ನಾನೇ ಬಣ್ಣ ಹಾಕಿದೆ. ಹಸಿರು ಬೆನ್ನು, ಬೆಳ್ಳಿ ಹೊಟ್ಟೆ, ಪಕ್ಕೆಗೆ ಒಂದೊಂದೇ ಹುರುಪೆ. ನಾಲ್ಕು ದಿನ ಹಿಡಿಯಿತು. ಕೊನೆಗೆ ವಾರ್ನಿಷ್ ಬಳಿದು ಹಾಲ್‌ನ ಕಿಟಕಿಯಲ್ಲಿ ಒಣಗಲು ಇಟ್ಟು ಮಲಗಿದೆ. ಬೆಳಗಾದರೆ ಆಯುಧಪೂಜೆ ಅನ್ನುವುದು ಮರೆತೇಹೋಗಿತ್ತು.

ನನ್ನ ತಾಯಿಗೆ ಎಂಬತ್ತು ದಾಟಿದೆ. ಮನೆಯಲ್ಲಿ ಕಬ್ಬಿಣ, ಮೊನೆ, ಮೋಟಾರು ಯಾವುದಿದ್ದರೂ ಆವತ್ತು ಬಿಡುವವರಲ್ಲ. ಸ್ಕೂಟರು, ಮಿಕ್ಸಿ, ಈಳಿಗೆಮಣೆ, ಹೊಲಿಗೆ ಮಷೀನು ಸಾಲಾಗಿ ನಿಂತಿದ್ದವು. ಅವುಗಳ ಜೊತೆ ನನ್ನ ಲ್ಯೂರೂ ಮಣೆಯ ಮೇಲೆ ಕೂತಿತ್ತು. ನೆತ್ತಿಗೆ ಮೂರು ಗೆರೆ ವಿಭೂತಿ, ನಡುವೆ ಕಾಸಿನಗಲ ಕುಂಕುಮ, ಬಾಲದ ಕೊಕ್ಕೆಗೆ ಒಂದು ಸೇವಂತಿಗೆ. ಒರೆಸಲು ಹೋದರೆ ಬರಲಿಲ್ಲ. ಹಸಿ ವಾರ್ನಿಷ್ಷಿಗೆ ಕುಂಕುಮ ಅಂಟಿ ಕಲ್ಲಾಗಿತ್ತು. "ಅದನ್ಯಾಕೆ ಕೆರೀತಿದೀಯ? ನಿನ್ನ ಆಯುಧಾನೂ ಒಂದು ಆಯುಧ ತಾನೇ?" ಅಂತ ಅಮ್ಮ ಗದರಿದರು. ಎದುರು ಮಾತಾಡುವ ಧೈರ್ಯ ನನಗೆ ಈಗಲೂ ಇಲ್ಲ.

ಹಾಗೇ ತೆಗೆದುಕೊಂಡು ಕರಾವಳಿಗೆ ಹೋದೆವು. ಅಳಿವೆಯಲ್ಲಿ ನಮಗೆ ಗೊತ್ತುಮಾಡಿಕೊಟ್ಟಿದ್ದ ದೋಣಿಯವರು ಅರವತ್ತರ ಆಸುಪಾಸಿನ ಗಂಭೀರ ಮನುಷ್ಯ. ಲ್ಯೂರನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. "ಚಂದ ಉಂಟು. ಆದ್ರೆ ಇದನ್ನು ಮೀನು ಕಚ್ಚುವುದಿಲ್ಲ ಮಾರಾಯ್ರೆ. ಕೈಮುಗಿದು ದಾರಿ ಬಿಡ್ತದೆ" ಅಂದರು.

ಸಂಜೆಯವರೆಗೂ ಎಳೆದೆವು. ಎಲ್ಲವೂ ಕೈಮುಗಿದವು.

೩. ನಡಿಗೆಯ ವೇಗ

ಎರಡನೇ ಸಲ ಹೋದಾಗ ಗೆಳೆಯನ ತಾಳ್ಮೆ ಒಂದೇ ಗಂಟೆಗೆ ಮುಗಿಯಿತು. ದೋಣಿ ತೆವಳುತ್ತಿತ್ತು. ದಡದ ಮೇಲೆ ಚಿಪ್ಪು ಆರಿಸುತ್ತಿದ್ದ ಹೆಂಗಸೊಬ್ಬರು ಬುಟ್ಟಿ ಹೊತ್ತು ನಮ್ಮನ್ನು ದಾಟಿ ಮುಂದೆ ಹೋದರು. "ಅಣ್ಣಾ, ಸ್ವಲ್ಪ ಎಕ್ಸಲೇಟರ್ ಕೊಡಿ. ಜೀವಮಾನದಲ್ಲಿ ಇಷ್ಟು ನಿಧಾನ ನಾನು ಹೋಗಿಲ್ಲ" ಅಂತ ಅವನು ದೋಣಿಯವರಿಗೆ ಹೇಳಿದ. ಜೋರಾಗಿ ಹೋದರೆ ಲ್ಯೂರು ತಳ ಬಿಟ್ಟು ಮೇಲೇಳುತ್ತದೆ, ಮೀನು ಬರುವುದಿಲ್ಲ ಅಂತ ಅವರು ವಿವರಿಸಿದರು. ಇವನು ಮುಖ ಊದಿಸಿಕೊಂಡು ಕೂತ.

ಬರಿಗೈಯಲ್ಲಿ ವಾಪಸ್ ಬರುವಾಗ ಮಾಗಡಿ ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡೆವು. ಮುಕ್ಕಾಲು ಗಂಟೆ ಕಾರು ಇಂಚಿಂಚು ಸರಿಯಿತು. ಗೆಳೆಯ ಸ್ಟಿಯರಿಂಗ್ ಮೇಲೆ ಗಲ್ಲ ಊರಿ ಮುಂದಿನ ಬಸ್ಸಿನ ಚಕ್ರವನ್ನೇ ನೋಡುತ್ತಾ ಕೂತ. ಆಮೇಲೆ ನಿಟ್ಟುಸಿರಿಟ್ಟು ಹೇಳಿದ: "ಕರೆಕ್ಟ್ ಸ್ಪೀಡು ನೋಡು ಮಗಾ. ಎಲ್ಲಾ ಇದೆ ನಮ್ಮೂರಲ್ಲಿ. ಒಂದು ಸ್ವಲ್ಪ ನೀರು ಬಿಟ್ಟಿದ್ರೆ ಇಷ್ಟು ದೂರ ಹೋಗ್ಬೇಕಿರಲಿಲ್ಲ."

೪. ಫ್ರಿಜ್ಜಿನ ಸಂಕಟ

ಯುಗಾದಿ ಹತ್ತಿರ ಬಂತು. ಅತ್ತ ಬೀಗರು ಮಗಳ ಕೈಲಿ "ಮೀನು ಸಿಕ್ತಂತಾ?" ಅಂತ ವಾರಕ್ಕೊಮ್ಮೆ ಫೋನ್ ಮಾಡಿಸುತ್ತಿದ್ದರು. ನನಗೆ ನಿದ್ದೆ ಬರುತ್ತಿರಲಿಲ್ಲ. ಹಬ್ಬದ ಹಿಂದಿನ ದಿನ, ಅಮಾವಾಸ್ಯೆ, ನೀರು ಚೆನ್ನಾಗಿ ಇಳಿಯುತ್ತದೆ ಅಂತ ದೋಣಿಯವರು ಹೇಳಿದ್ದರಿಂದ ಕೊನೆಯ ಸಲ ಅಂತ ಹೋದೆವು.

ಸಿಕ್ಕಿತು! ನಾನು ಬಣ್ಣ ಹಾಕಿದ್ದಕ್ಕಲ್ಲ, ದೋಣಿಯ ಮೂಲೆಯಲ್ಲಿ ಬಿದ್ದಿದ್ದ, ಬಣ್ಣವೆಲ್ಲ ಹೋದ ಒಂದು ಹಳೇ ಲ್ಯೂರಿಗೆ. ಟಕ್ ಟಕ್ ಅನ್ನುತ್ತಿದ್ದ ಕೋಲು ಇದ್ದಕ್ಕಿದ್ದಂತೆ ಬಾಗಿ ನನ್ನನ್ನೇ ಎಳೆಯಿತು. ಮೊಳಕ್ಕೂ ಒಂದು ಗೇಣು ಜಾಸ್ತಿ ಉದ್ದದ ಮೀನು, ತಲೆ ಮೊರದ ಹಾಗೆ ಚಪ್ಪಟೆ. ಕೈ ಹಾಕಿದ್ದಕ್ಕೆ ಕಿವಿರಿನ ಮುಳ್ಳು ಹೆಬ್ಬೆರಳಿಗೆ ಚುಚ್ಚಿ ರಕ್ತ ಬಂತು. ನನಗೆ ಅಳುವೇ ಬಂತು, ಸುಳ್ಳು ಯಾಕೆ ಹೇಳಲಿ? ಮಗಳು ಹುಟ್ಟಿದಾಗ ಹೀಗೆ ಆಗಿತ್ತು. "ಫೋಟೊ ತೆಗಿಯೋ!" ಅಂತ ಕಿರುಚಿದೆ. ಗೆಳೆಯ ಸಂಭ್ರಮದಲ್ಲಿ ಸೆಲ್ಫಿ ಕ್ಯಾಮೆರಾ ಒತ್ತಿದ್ದ. ಮೂರು ನಿಮಿಷದ ವಿಡಿಯೊ ತುಂಬ ಅವನ ಮೂಗು, ಹಿಂದಿನಿಂದ ನನ್ನ ಕಿರುಚಾಟ.

ಐಸ್ ಪೆಟ್ಟಿಗೆಯಲ್ಲಿಟ್ಟು ಸಂಜೆ ಮನೆಗೆ ತಂದೆ. ಅಮ್ಮ ಬಾಗಿಲಲ್ಲೇ ತಡೆದರು. ಯುಗಾದಿ ದಿನ ಹೋಳಿಗೆಯ ಫ್ರಿಜ್ಜಿನಲ್ಲಿ ಮೀನೇ? ಗೆಳೆಯನ ಮನೆಯಲ್ಲೂ ಅದೇ ಹಬ್ಬ, ಅದೇ ಮಡಿ. ಉಳಿದದ್ದು ನಮ್ಮ ಮೇಲಿನ ಮನೆಯ ಬಾಡಿಗೆದಾರರು, ಚಿಕ್ಕ ವಯಸ್ಸಿನ ಬೆಂಗಾಲಿ ದಂಪತಿ. ಖುಷಿಯಿಂದ ಒಪ್ಪಿಕೊಂಡರು. ಆ ಖುಷಿಯೇ ನನ್ನನ್ನು ಕೊರೆಯತೊಡಗಿತು. ಮೀನು ಕಂಡರೆ ಬಿಡುವ ಜನವೇ ಅವರು?

ಮಾರನೇ ದಿನ ಮಧ್ಯಾಹ್ನ ಹೋಳಿಗೆಗೆ ತುಪ್ಪ ಹಾಕಿಕೊಳ್ಳುತ್ತಿದ್ದೆ. ಮೇಲಿನಿಂದ ಸಾಸಿವೆ ಎಣ್ಣೆ ಕಾದ ವಾಸನೆ ಬಂತು. ಎಲೆ ಬಿಟ್ಟು ಎದ್ದು, ಎಂಜಲು ಕೈಯಲ್ಲೇ ಮೆಟ್ಟಿಲು ಹತ್ತಿ ಬಾಗಿಲು ಬಡಿದೆ. ಆ ಹುಡುಗ ಬಾಣಲೆಯಲ್ಲಿ ಬದನೆಕಾಯಿ ಹುರಿಯುತ್ತಿದ್ದ. ನನ್ನ ಮುಖ ನೋಡಿಯೇ ಅರ್ಥಮಾಡಿಕೊಂಡು, ಕಲಿತಷ್ಟು ಕನ್ನಡದಲ್ಲಿ ಸಮಾಧಾನ ಮಾಡಿದ: "ಭಯ ಬೇಡ ಅಂಕಲ್. ನಾವು ನದಿ ಮೀನು ತಿಂತೀವಿ. ಅದನ್ನ ಯಾರು ತಿಂತಾರೆ?"

೫. ಸಾಕ್ಷಿ

ಹೊಸತೊಡಕಿನ ದಿನ ಬೀಗರು ಪರಿವಾರ ಸಮೇತ ಬಂದರು. ಹೆಂಡತಿ ಹುಣಸೆಹುಳಿ, ಮೆಣಸು ಅರೆದು ಹಾಕಿದ್ದ ಸಾರಿನ ಘಮಕ್ಕೆ ಅಳಿಯ ಅಡುಗೆಮನೆಗೇ ಎರಡು ಸಲ ಬಂದುಹೋದ. ಪಂಕ್ತಿ ಕೂತಿತು. ನಾನೇ ನಿಂತು ಮೀನು ಬಡಿಸಿದೆ. ಎದೆ ಒಂದು ಗೇಣು ಉಬ್ಬಿತ್ತು.

ಅಷ್ಟರಲ್ಲಿ ಹೆಂಡತಿ ಒಳಗಿನಿಂದ ಇನ್ನೊಂದು ಪಾತ್ರೆ ತಂದಳು. ಮಟನ್. ನನಗೆ ಗೊತ್ತಿಲ್ಲದಂತೆ ತಿಂಗಳ ಮೊದಲೇ ತನ್ನ ತಮ್ಮನಿಗೆ ಹೇಳಿ ಹತ್ತು ಮನೆಯವರು ಸೇರಿ ಕುರಿ ಕಡಿಸಿ ಹಂಚಿಕೊಳ್ಳುವ ಗುಡ್ಡೆ ಬಾಡಿನಲ್ಲಿ ಪಾಲು ಹಿಡಿಸಿದ್ದಳಂತೆ. "ಇರ್ಲಿ ಅಂತ..." ಅಂದಳು, ನನ್ನ ಮುಖ ನೋಡದೆ. ನನಗೆ ನಿಜವಾಗಿ ನೋವಾಯಿತು.

ಬೀಗರು ಪಾತ್ರೆ ನೋಡಿದರು, ನನ್ನನ್ನು ನೋಡಿದರು, ಮೀಸೆ ಒರೆಸಿಕೊಂಡರು. "ಮೀನು ಹಿಡೀತೀನಿ ಅಂದೋರ ಮನೇಲಿ ಬಾಡು ಯಾಕೆ ಬಂತು? ಯಜಮಾನ್ತೀನೇ ನಂಬಿಲ್ಲ ಅಂದ್ಮೇಲೆ... ಹೋಗ್ಲಿ ಬೀಗ್ರೆ, ಯಾವ ಅಂಗಡೀಲಿ ತಗೊಂಡ್ರಿ?"

ಹೆಬ್ಬೆರಳು ತೋರಿಸಿದೆ. "ಈರುಳ್ಳಿ ಹೆಚ್ಚುವಾಗ್ಲೂ ಹಿಂಗೇ ಆಗುತ್ತೆ" ಅಂದರು. ವಿಡಿಯೊ ತೋರಿಸಿದೆ. ಮೂಗು ಯಾರದು ಅಂತ ಕೇಳಿದರು. ಪಂಕ್ತಿ ಕಿಸಕ್ಕೆಂದು ನಕ್ಕಿತು. ಮಗಳು ತಲೆ ತಗ್ಗಿಸಿದಳು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. "ಕಣ್ಣಾರೆ ಕಂಡ ಸಾಕ್ಷಿ ಇದಾರೆ, ಅವರ ಬಾಯಲ್ಲೇ ಕೇಳಿ" ಅಂತ ದೋಣಿಯವರಿಗೆ ಫೋನ್ ಮಾಡಿ ಸ್ಪೀಕರ್ ಒತ್ತಿ ಎಲೆಗಳ ಮಧ್ಯೆ ಇಟ್ಟೆ. ಎಲ್ಲರೂ ತಿನ್ನುವುದನ್ನು ನಿಲ್ಲಿಸಿದರು.

"ನಾನು ಬೆಂಗಳೂರಿಂದ ಮಾತಾಡ್ತಿರೋದು. ಮೊನ್ನೆ ನಿಮ್ಮ ದೋಣೀಲಿ ನಾನು ಹಿಡಿದ ಮೀನಿನ ವಿಷಯ ಸ್ವಲ್ಪ ಹೇಳಿ. ಮನೆಯವರೆಲ್ಲ ಕೇಳಿಸ್ಕೊಳ್ತಾ ಇದಾರೆ."

ಆ ಕಡೆ ಮೋಟಾರಿನ ಸದ್ದು ನಿಂತಿತು. "ಬೆಂಗಳೂರಿಂದ ಯಾರು ಮಾರಾಯ್ರೆ? ಓ, ಮನೆಯವರು ಕೇಳ್ತಾ ಇದ್ದಾರಾ? ಗೊತ್ತಾಯ್ತು, ಗೊತ್ತಾಯ್ತು." ದೋಣಿಯವರು ಗಂಟಲು ಸರಿಮಾಡಿಕೊಂಡು ಪಾಠ ಒಪ್ಪಿಸುವ ದನಿಯಲ್ಲಿ ಶುರುಮಾಡಿದರು. "ಹೌದು ಅಮ್ಮಾ, ಯಜಮಾನರೇ ಕೈಯಾರೆ ಹಿಡಿದದ್ದು. ನಾನು ಕಣ್ಣಾರೆ ನೋಡಿದ್ದೇನೆ. ಭಾರೀ ದೊಡ್ಡ ಮೀನು." ನಾನು ಬೀಗರತ್ತ ಗೆದ್ದ ನೋಟ ಬೀರಿದೆ. ಆಗ ಫೋನಿನಲ್ಲಿ ದನಿ ತಗ್ಗಿತು: "ಎಷ್ಟು ಕೆ.ಜಿ. ಅಂತ ಹೇಳಿದ್ದೀರಿ ಮಾರಾಯ್ರೆ? ನಾನೂ ಅಷ್ಟೇ ಹೇಳ್ತೇನೆ."

"ಅಯ್ಯೋ, ನಡೆದದ್ದು ಹೇಳ್ರಿ! ನಿಜ ಹೇಳ್ರಿ!" ಅಂತ ನಾನು ಫೋನಿನ ಮೇಲೆ ಬಗ್ಗಿ ಕೂಗಿದೆ.

"ನಿಜ ಎಲ್ಲಾ ಬೇಡ, ನೀವು ಹೆದರಬೇಡಿ. ಬೆಂಗಳೂರಿನವರಿಗೆಲ್ಲ ನಾನು ಹೀಗೇ ಹೇಳಿಕೊಡುವುದು. ಇದುವರೆಗೆ ಒಬ್ಬರೂ ಮನೆಯಲ್ಲಿ ಸಿಕ್ಕಿಬಿದ್ದಿಲ್ಲ."

ಫೋನ್ ಆರಿಸಿದೆ. ಅಮ್ಮ ಕೂಡ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಬೀಗರು ಮಾತ್ರ ನಗಲಿಲ್ಲ. ಮಟನ್ ಪಾತ್ರೆಯನ್ನು ಆಚೆ ಸರಿಸಿ, ಉಳಿದಿದ್ದ ಮೀನಿನ ತಲೆಯನ್ನು ತಾವೇ ಎಲೆಗೆ ಹಾಕಿಕೊಂಡು, ಕಿವಿರಿನಿಂದ ಕಿವಿರಿನವರೆಗೆ ಚೀಪಿ ಮುಗಿಸಿದರು. ಆಮೇಲೆ ನನ್ನ ಭುಜದ ಮೇಲೆ ಕೈಯಿಟ್ಟು ಬಹಳ ಪ್ರೀತಿಯಿಂದ ಹೇಳಿದರು:

"ಬೇಜಾರು ಮಾಡ್ಕೋಬೇಡಿ ಬೀಗ್ರೆ. ಇಷ್ಟು ಒಳ್ಳೆ ಮೀನು ನಾನು ತಿಂದೇ ಇಲ್ಲ. ಬರೋ ವರ್ಷಾನೂ ಅದೇ ಅಂಗಡೀಲೇ ತಗೊಳ್ಳಿ."