ಮಸ್ಕತ್ತಿನ ಅರ್ಧ ರೇಟು

ಕಿಶನನ ಕಷ್ಟವೆಲ್ಲ ಶುರುವಾದದ್ದು ಒಂದೇ ಮಾತಿನಿಂದ. ಅದನ್ನು ಅವನು ಕಾರವಾರದ ಮೀನು ಮಾರ್ಕೆಟಿನಲ್ಲಿ, ಮೀನು ಮಾರುವ ಬೇಬಿಯ ಬುಟ್ಟಿಯೆದುರು ನಿಂತು ಆಡಬಾರದಿತ್ತು.

"ಇಸ್ವಾಣ ಮೀನಿಗೆ ಇಷ್ಟಾ? ನಮ್ಮ ಮಸ್ಕತ್ತಲ್ಲಿ ಇದ್ರ ಅರ್ಧ ರೇಟು."

ಮಸ್ಕತ್ತಿಗೆ ಹೋದ ಮೂರು ವರ್ಷದಲ್ಲಿ ಅಂಟಿಕೊಂಡ ಚಟ ಇದು. ಅಲ್ಲಿ ಕ್ಷೌರದ ದರ ಕೇಳಿದರೆ ಕಾರವಾರವನ್ನು ನೆನೆದು ನಿಟ್ಟುಸಿರು. ರಜೆಗೆ ಬಂದು ಇಲ್ಲಿನ ಮೀನಿನ ದರ ಕೇಳಿದರೆ ಮಸ್ಕತ್ತನ್ನು ನೆನೆದು ನಿಟ್ಟುಸಿರು.

ಬೇಬಿ ಜಗಳವಾಡಲಿಲ್ಲ. ಬುಟ್ಟಿಯ ಮೇಲೆ ಗೋಣಿಚೀಲ ಎಳೆದಳು.

"ಹಂಗಾರೆ ಅಲ್ಲೇ ಹೋಗಿ ತಕೋ ತಮಾ. ನಿಂಗೆ ನಮ್ಮ ಮೀನು ತುಟ್ಟಿ ಆತದೆ."

ಪಕ್ಕದವಳೂ ಎಳೆದಳು, ಅದರಾಚೆಯವಳೂ. ಐದು ನಿಮಿಷದಲ್ಲಿ ಇಡೀ ಸಾಲು ಸೂತಕದ ಮನೆಯಂತೆ ಮುಚ್ಚಿಕೊಂಡಿತು. ಮಧ್ಯಾಹ್ನ ಅಂಕೋಲೆ ಕಡೆಯಿಂದ ತುಳಸಿದಾಸ ಊಟಕ್ಕೆ ಬರುವವನಿದ್ದ. ಅವನ ಮಗಳು ಪೂರ್ಣಿಮಾ ಕಿಶನನನ್ನು ಒಪ್ಪಿಯಾಗಿತ್ತು. ಅಪ್ಪ ಮನೆ ನೋಡಿ ಹೂಂ ಅನ್ನುವುದಷ್ಟೇ ಬಾಕಿ. ಅಪ್ಪ ಬೇಲೇಕೇರಿಯ ಬೋಟಿನವನು, ತಾಯಿ ಮಗಳು ಮನೆ ಮನೆಗೆ ಮೀನು ಮಾರುವವರು. ಅಂಥವರಿಗೆ ಮೀನಿಲ್ಲದ ಊಟ ಬಡಿಸಿದರೆ ಸಂಬಂಧ ಅಲ್ಲಿಗೇ ಮುಗಿದಂತೆ.

ತನ್ನ ತಾಯಿ ಗೋದಾವರಿಗೆ ಫೋನು ಮಾಡಿ ಹೇಳುವ ಧೈರ್ಯವಾಗದೆ ಕಿಶನ ಮೀನು ಹುಡುಕಿಕೊಂಡು ಅಂಕೋಲೆಯ ಬಸ್ಸು ಹತ್ತಿದ. ತುಳಸಿದಾಸನ ಕಡೆಯವರು ಯಾರಾದರೂ ಕಂಡಾರೆಂಬ ಹೆದರಿಕೆಗೆ ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡ. ಅಲ್ಲಿನ ಮೀನಿನವಳೊಬ್ಬಳು ಮೊಬೈಲು ನೋಡಿದಳು, ಅವನ ಅಂಗಿ ನೋಡಿದಳು, ಮತ್ತೆ ಮೊಬೈಲು ನೋಡಿದಳು.

"ಮಸ್ಕತ್ತಿನವ ನೀನೇ ಅಲ್ಲಾ?"

ಸುದ್ದಿ ಬಸ್ಸಿಗಿಂತ ಮೊದಲೇ ಬಂದಿತ್ತು, ಫೋಟೋ ಸಮೇತ. ಇಲ್ಲಿಯೂ ಬುಟ್ಟಿಗಳು ಮುಚ್ಚಿಕೊಂಡವು.

ಬೆವರು ಒರೆಸಿಕೊಳ್ಳುತ್ತ ಕಾರವಾರಕ್ಕೆ ಮರಳಿದವನಿಗೆ ಕಡೆಗೆ ಒಂದು ಐಸಿನ ಮೀನಿನ ಅಂಗಡಿಯಲ್ಲಿ ಕಲ್ಲಿನಂಥ ಇಸ್ವಾಣದ ಪ್ಯಾಕೆಟ್ಟು ಸಿಕ್ಕಿತು. ಬೆಲೆ ಬೇಬಿ ಹೇಳಿದ್ದರ ಎರಡರಷ್ಟು. ಬಂದದ್ದು ಒಮಾನಿನಿಂದ ಎಂದು ಚೀಟಿಯ ಮೇಲೆ ಬರೆದಿತ್ತು. ಗೋದಾವರಿ ತುಟಿ ಬಿಗಿದುಕೊಂಡು ಅದನ್ನೇ ಹುರಿದಳು.

ತುಳಸಿದಾಸ ಮೊದಲ ತುತ್ತಿಗೇ ಅಗಿಯುವುದನ್ನು ನಿಲ್ಲಿಸಿದ.

"ಇದು ಐಸಿನ ಮೀನು."

ಇನ್ನು ಸುಳ್ಳು ಹೇಳಿ ಉಪಯೋಗವಿಲ್ಲವೆಂದು ಕಿಶನ ಬೆಳಗಿನಿಂದ ನಡೆದದ್ದನ್ನೆಲ್ಲ ಒದರಿಬಿಟ್ಟ. ಗೋದಾವರಿ ಹಣೆ ಹಣೆ ಬಡಿದುಕೊಂಡಳು. ತುಳಸಿದಾಸ ಮಾತ್ರ ನಕ್ಕ.

"ಹೆದರೂದು ಬೇಡ. ಮಾವನಿಗೆ ಮೀನು ಹಾಕೂಕೆ ಎರಡು ಪಟ್ಟು ಕೊಟ್ಟವ ನನ್ನ ಮಗಳಿಗೆ ಉಪವಾಸ ಕೆಡವೂದಿಲ್ಲ. ಮದುವೆ ಖಾಯಂ."

ಕಿಶನನಿಗೆ ಹೋದ ಜೀವ ಬಂತು.

"ಆದ್ರೆ ಒಂದು ಮಾತು," ತುಳಸಿದಾಸ ಎಡಗೈಯಲ್ಲಿ ಫೋನು ಎತ್ತಿಕೊಂಡ. "ಇಸ್ವಾಣ ಅರ್ಧ ರೇಟಿಗೆ ಹೋಗೂ ಊರಲ್ಲಿ ನನ್ನ ಮಗಳು ಮೀನು ಮಾರಿ ಬದುಕೂದು ಹೆಂಗೆ? ಆ ದರಿದ್ರ ಊರು ನಿಂಗೂ ಬೇಡ. ತಡೆ, ಬೇಬಿಗೆ ಫೋನ್ ಮಾಡ್ತೆ, ನಂಗೆ ಗುರ್ತದವಳೇ. ಅವಳ ಪಕ್ಕ ಒಂದು ಜಾಗ ಖಾಲಿ ಅದೆ, ನಾಳೆ ಬೆಳಿಗ್ಗೆಯಿಂದ್ಲೇ ಹೋಗಿ ಮೀನಿನ ಬುಟ್ಟಿ ಇಟ್ಕೊಂಡು ಕೂತ್ಕೋ."