ಅಂಚೇ ಇಲ್ಲದ ಓಟ್ಸ್ ಗಂಜಿಯವರಿಗೆ ಒಬ್ಬ ದರ್ಜಿಯ ದೂರು

ಮಾನ್ಯ ಓಟ್ಸ್ ಗಂಜಿಯವರೇ,

ತಮ್ಮ ಪಾದಗಳಿಗೆ, ತಮಗೆ ಪಾದಗಳಿಲ್ಲವಾದ್ದರಿಂದ ತಮ್ಮ ಬಟ್ಟಲಿನ ತಳಕ್ಕೆ, ಈ ಮುದುಕನ ಬೆಳಗಿನ ನಮಸ್ಕಾರಗಳು. ತಾವು ಬಿಸಿಯಾಗಿರುವಷ್ಟು ಹೊತ್ತು ಕ್ಷೇಮವೆಂದೂ, ತಣ್ಣಗಾದ ಮೇಲೆ ಬಟ್ಟಲನ್ನು ಬಿಟ್ಟು ಕದಲುವುದಿಲ್ಲವೆಂದೂ ಬಲ್ಲೆ. ತಾವು ನಮ್ಮ ಮನೆಗೆ ದಯಮಾಡಿಸಿದ ದಿನದಿಂದಲೂ ತಮಗೊಂದು ಪತ್ರ ಬರೆಯಬೇಕೆಂದುಕೊಂಡಿದ್ದೆ. ಆದರೆ ತಮ್ಮ ಅರ್ಧ ಬಟ್ಟಲನ್ನು ಮುಗಿಸುವುದಕ್ಕೇ ಬೆಳಗೆಲ್ಲ ಹಿಡಿಯುವುದರಿಂದ ಪುರುಸೊತ್ತಾಗಲಿಲ್ಲ. ತಡವಾದುದನ್ನು ಹೊಟ್ಟೆಗೆ ಹಾಕಿಕೊಳ್ಳಬೇಕು. ತಾವೇ ಹಾಕಿಕೊಳ್ಳಬೇಕು, ಏಕೆಂದರೆ ನನ್ನ ಹೊಟ್ಟೆಯಲ್ಲಿ ಈಗ ಜಾಗವಿಲ್ಲ.

ನಾನು ದರ್ಜಿ. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ನನ್ನ ಹೆಜ್ಜೆಯ ಸದ್ದು ಕೇಳಿದರೇ ನರಳುತ್ತಿದ್ದ ಮರದ ಮೆಟ್ಟಿಲು. ನನ್ನ ಸೊಂಟ ಅಳೆಯಲು ಎರಡು ಅಳತೆಪಟ್ಟಿಗಳನ್ನು ಪಿನ್ನು ಚುಚ್ಚಿ ಸೇರಿಸಬೇಕಾಗುತ್ತಿದ್ದ ಕಾಲವೊಂದಿತ್ತು, ಅದರ ಬಗ್ಗೆ ನನಗೆ ನಾಚಿಕೆಯೇನೂ ಇರಲಿಲ್ಲ. ತೊಂದರೆಯಾದದ್ದು ಬೇರೆ ಕಡೆ. ಪ್ಯಾಂಟಿನ ಉದ್ದಕ್ಕೆ ಗುರುತು ಹಾಕಬೇಕಾದರೆ ದರ್ಜಿಯಾದವನು ಗಿರಾಕಿಯ ಕಾಲಬುಡದಲ್ಲಿ ಮಂಡಿಯೂರಬೇಕು; ನಾನು ಊರಿದರೆ ನನ್ನನ್ನು ಎಬ್ಬಿಸಲು ಆ ಗಿರಾಕಿಯ ಜೊತೆಗೆ ಇನ್ನೊಬ್ಬ ಗಿರಾಕಿ ಬೇಕಾಗುತ್ತಿತ್ತು. ಹಾಗಾಗಿ ಆ ಕೆಲಸ ನನ್ನ ಮನೆಯವಳ ಪಾಲಿಗೆ ಬಂತು. ಅವಳ ಎಡ ಮಂಡಿ ಎಂದಿನಿಂದಲೋ ಮುನಿಸಿಕೊಂಡಿದೆ. ಬಾಯಲ್ಲಿ ಪಿನ್ನು ಕಚ್ಚಿಕೊಂಡು ಅವಳು ಕೂರುವುದನ್ನೂ, ಮೇಜಿನ ಕಾಲು ಹಿಡಿದುಕೊಂಡು ಏಳುವುದನ್ನೂ ನಾನು ಕುರ್ಚಿಯ ಮೇಲೆ ಮಹಾರಾಜನ ಹಾಗೆ ಕುಳಿತು ನೋಡುತ್ತಿದ್ದೆ. ಒಂದು ದಿನ ನೋಡಲಾಗಲಿಲ್ಲ. ಎದ್ದು ಆಸ್ಪತ್ರೆಗೆ ಹೋದೆ.

ಅಲ್ಲಿನ ಡಾಕ್ಟರು ಹೆಚ್ಚುಕಡಿಮೆ ನನ್ನ ಕಸುಬಿನವರೇ. ಅವರೂ ಕತ್ತರಿಸುತ್ತಾರೆ, ಹೊಲಿಯುತ್ತಾರೆ, ಹೇಳಿದ ದಿನಕ್ಕೆ ಕೊಡುವುದಿಲ್ಲ. "ನಿಮ್ಮ ಹೊಟ್ಟೇನ ಕತ್ತರಿಸಿ ಅಂಗಿ ತೋಳಿನ ಥರ ಸಣ್ಣಗೆ ಮಾಡಿಬಿಡ್ತೀವಿ" ಎಂದರು. "ಅರ್ಧ ತೋಳೋ, ಪೂರ್ತಿ ತೋಳೋ?" ಎಂದು ಕೇಳಿದೆ. ಅವರು ನಗಲಿಲ್ಲ, ನನ್ನ ಮನೆಯವಳು ಮಾತ್ರ ಸೆರಗು ಬಾಯಿಗಿಟ್ಟುಕೊಂಡು ಗೋಡೆಯ ಕಡೆ ತಿರುಗಿದಳು. ಅವರ ಹೊಲಿಗೆಯನ್ನು ನಾನು ಆಕ್ಷೇಪಿಸುವುದಿಲ್ಲ, ಅಚ್ಚುಕಟ್ಟಾಗಿದೆ. ಆದರೆ ಒಳ್ಳೆಯ ದರ್ಜಿ ಹೊಲಿಗೆಯ ಒಳಗೆ ಬೆರಳಗಲ ಬಟ್ಟೆ ಬಿಟ್ಟಿರುತ್ತಾನೆ, ನಾಳೆ ಬಿಚ್ಚಿ ದೊಡ್ಡದು ಮಾಡಬೇಕಾದೀತೆಂದು, ಇವರು ಬಿಡಲಿಲ್ಲ. ಅದೂ ಹೋಗಲಿ, ಉಳಿದ ತುಂಡನ್ನು ಮಡಿಸಿ ಗಿರಾಕಿಯ ಕೈಗೆ ಕೊಡುವುದು ನಮ್ಮ ಕಸುಬಿನ ಮರ್ಯಾದೆ. ಎಚ್ಚರವಾದ ಕೂಡಲೇ ನಾನು "ನನ್ನ ಉಳಿದ ತುಂಡೆಲ್ಲಮ್ಮ?" ಎಂದು ಕೇಳಿದರೆ ನರ್ಸಮ್ಮ "ಅಜ್ಜಾ, ಸುಮ್ನೆ ಮಲ್ಕೊಳ್ಳಿ" ಎಂದು ಹೊದಿಕೆ ಎಳೆದಳು. ಅಷ್ಟು ವರ್ಷ ನನ್ನ ಜೊತೆ ಉಂಡ ಅಷ್ಟು ದೊಡ್ಡ ತುಂಡು, ಒಂದು ಮಾತು ಹೇಳದೆ ಹೋಯಿತು.

ಆಮೇಲೆ ಕೆಲವು ವಾರ ನೀರು, ನೀರಿನಂಥದ್ದು, ನೀರಿನ ತಂಗಿಯಂಥದ್ದು. ಅದಾದ ಮೇಲೆ ಆಸ್ಪತ್ರೆಯ ಪಥ್ಯದ ಮೇಡಂ ತಮ್ಮ ಹೆಸರನ್ನು ಉಚ್ಚರಿಸಿದರು. ಮೊದಲ ದಿನ ತಮ್ಮನ್ನು ಬಟ್ಟಲಿನಲ್ಲಿ ಕಂಡಾಗ ನಾನು ಗೌರವದಿಂದ ಎತ್ತಿಕೊಂಡು ಕೆಳಗೆ ಅಂಗಡಿಗೆ ಒಯ್ದು ಇಸ್ತ್ರಿಪೆಟ್ಟಿಗೆಯ ಪಕ್ಕ ಇಟ್ಟೆ, ಕಾಲರುಗಳಿಗೆ ಹಾಕುವ ಗಂಜಿ ಇರಬೇಕೆಂದು. ಮನೆಯವಳು ಹಿಂದೆಯೇ ಇಳಿದು ಬಂದು, "ರೀ, ನಾಟಕ ಸಾಕು, ತಿನ್ನೋದು ಅದು" ಎಂದಳು. ಅಂದಿನಿಂದ ಪ್ರತಿ ಬೆಳಗೂ ತಾವೇ ನನ್ನ ಅತಿಥಿ, ನಾನೇ ತಮ್ಮ ಗತಿ.

ತಮ್ಮ ಗುಣಗಾನ ಮಾಡಲು ನನಗೆ ಮಾತು ಸಾಲದು. ತಮ್ಮ ಬಣ್ಣ ಕೋಟಿನ ಒಳಬಟ್ಟೆಯದು. ಯಾವ ಗಿರಾಕಿಯೂ ಬೇಡವೆನ್ನುವುದಿಲ್ಲ, ಯಾರೂ ಕೇಳಿ ಪಡೆಯುವುದೂ ಇಲ್ಲ. ತಮ್ಮ ರುಚಿಯಂತೂ ಎಷ್ಟು ಸಂಕೋಚದ್ದೆಂದರೆ ನಾಲಿಗೆಯ ಮೇಲೆ ಹಾದುಹೋಗುವಾಗ ಅದಕ್ಕೆ ಗೊತ್ತೇ ಆಗದ ಹಾಗೆ ನೋಡಿಕೊಳ್ಳುತ್ತದೆ. ಮೇಡಂ ಅವರ ಆಜ್ಞೆಯೆಂದರೆ, "ಒಂದ್ ಸ್ಪೂನ್ ತಗೊಳ್ಳಿ, ಸ್ಪೂನ್ ಕೆಳಗಿಡಿ, ಚೆನ್ನಾಗಿ ಅಗೀರಿ, ಆಮೇಲೆ ಇನ್ನೊಂದು, ಮಧ್ಯೆ ನೀರು ಕುಡಿಯೋ ಹಾಗಿಲ್ಲ." ಅಗಿಯುವುದಕ್ಕೆ ತಮ್ಮಲ್ಲಿ ಏನಿದೆ ಎಂಬುದನ್ನು ಅವರು ಹೇಳಲಿಲ್ಲ. ಹಲ್ಲುಗಳು ಪಾಪ, ಸಂಬಳವಿಲ್ಲದ ಕಾವಲುಗಾರರ ಹಾಗೆ ಬಾಗಿಲು ತೆರೆದು ಮುಚ್ಚಿ ಮಾಡುತ್ತವೆ. ಆರನೆಯ ಚಮಚಕ್ಕೆ ಹೊಟ್ಟೆ ತುಂಬಿತೆಂದು ಒಳಗಿನಿಂದ ಕೂಗು ಬರುತ್ತದೆ. ಹೊಟ್ಟೆತುಂಬ ನಗೋಣವೆಂದರೆ ಒಂದು ಮುಗುಳುನಗೆಗೇ ತುಂಬಿಹೋಗುತ್ತದೆ, ಹೊಟ್ಟೆಕಿಚ್ಚು ಪಡೋಣವೆಂದರೆ ಒಂದು ಕಡ್ಡಿ ಗೀರುವಷ್ಟೂ ಸ್ಥಳವಿಲ್ಲ.

ಇದೆಲ್ಲವನ್ನೂ ನಾನು ಸಹಿಸಿಕೊಂಡಿದ್ದೇನೆ. ನನ್ನ ದೂರು ಇದಲ್ಲ. ತಾವು ನನ್ನ ತಿಂಡಿಯನ್ನು ಕಿತ್ತುಕೊಂಡಿರಿ, ಒಪ್ಪಿದೆ. ತಿಂಡಿಯ ಜೊತೆಗಾತಿಯನ್ನೂ ಕಿತ್ತುಕೊಂಡಿರಲ್ಲ, ಅದು ಯಾವ ನ್ಯಾಯ?

ತಾವು ಬರುವ ಮುಂಚಿನ ನಮ್ಮ ಬೆಳಗುಗಳನ್ನು ತಾವು ಕಂಡಿಲ್ಲ, ಆದ್ದರಿಂದ ತಿಳಿಸುತ್ತೇನೆ. ಮೇಜಿನ ಆ ಕಡೆ ಅವಳು, ಈ ಕಡೆ ನಾನು, ನಡುವೆ ಟೋಸ್ಟು, ಬೆಣ್ಣೆ, ಹುರಿದ ಮೊಟ್ಟೆ, ಮತ್ತು ಯಾವುದಾದರೊಂದು ಜಗಳ. ಅವಳು ಬ್ರೆಡ್ಡಿನ ಅಂಚು ತಿನ್ನುವುದಿಲ್ಲ. ಮದುವೆಯಾದ ಮಾರನೆಯ ಬೆಳಿಗ್ಗೆಯೇ ನಾಲ್ಕೂ ಕಡೆಯ ಅಂಚನ್ನು ಕಿತ್ತು ತಟ್ಟೆಯ ಬದಿಗಿಟ್ಟಳು. ಬಟ್ಟೆಯ ಅಂಚನ್ನು ಹಾಳುಮಾಡಬಾರದೆಂದು ಕಲಿತವನು ನಾನು, ಎತ್ತಿ ತಿಂದೆ. ಅಂದಿನಿಂದ ನಡು ಅವಳದು, ಅಂಚು ನನ್ನದು. ಈ ಕರಾರಿಗೆ ಸಹಿ ಇಲ್ಲ, ಸಾಕ್ಷಿ ಇಲ್ಲ, ಒಂದು ದಿನವೂ ತಪ್ಪಿರಲಿಲ್ಲ.

ತಾವು ಬಂದ ಮೇಲೆ ನಾನು ಒಂದು ಸಣ್ಣ ತಮಾಷೆ ಮಾಡಿದೆ. ತಮ್ಮ ಸಹವಾಸದಲ್ಲಿ ಬುದ್ಧಿ ಮಂಕಾಗಿತ್ತೆಂದೇ ಹೇಳಬೇಕು. ಟೋಸ್ಟರಿನ ಸುತ್ತ ಕಪ್ಪು ರಿಬ್ಬನ್ ಕಟ್ಟಿ, ಅದರ ಮುಂದೆ ತಲೆ ತಗ್ಗಿಸಿ ನಿಂತು, ಅಗಲಿದ ಆತ್ಮೀಯನ ಬಗ್ಗೆ ನಾಲ್ಕು ಮಾತಾಡಿದೆ. ಅವಳು ಬಿದ್ದು ಬಿದ್ದು ನಕ್ಕಳು. ನಕ್ಕು ಮುಗಿದ ಮೇಲೆ ತನ್ನ ತಟ್ಟೆಯನ್ನು ನೋಡಿದಳು, ನನ್ನ ಬಟ್ಟಲನ್ನು ನೋಡಿದಳು. ಮಾರನೆಯ ಬೆಳಿಗ್ಗೆ ಮೇಜಿನ ಮೇಲೆ ಟೋಸ್ಟರಿರಲಿಲ್ಲ. "ನಂಗೂ ಈಗ ಬೆಳಿಗ್ಗೆ ಹಸಿವೇ ಆಗಲ್ಲರೀ, ವಯಸ್ಸಾಯ್ತಲ್ಲ" ಎಂದು ಬರೀ ಚಹಾ ಕುಡಿದು, "ಅಂಗಡಿ ಬಾಗ್ಲು ತೆಗೀತೀನಿ, ನೀವು ನಿಧಾನಕ್ಕೆ ಬನ್ನಿ" ಎಂದು ಇಳಿದು ಹೋದಳು. ಅಂದಿನಿಂದ ಮೇಜಿನ ಬಳಿ ತಾವು ಮತ್ತು ನಾನು. ತಾವೋ, ಜಗಳಕ್ಕೂ ಒದಗುವವರಲ್ಲ.

ನಾನು ನಂಬಿದೆ. ಅಳತೆ ನೋಡುವ ಕಣ್ಣಿದ್ದೂ ನಂಬಿದೆ. ಹಸಿವಿಲ್ಲದವಳ ರವಿಕೆ ಒಂದು ಎಳೆಯೂ ಸಡಿಲವಾಗದ್ದನ್ನು ಕಂಡೂ ಕಾಣದವನಾದೆ.

ಮೊನ್ನೆ ನಮ್ಮ ಹಳೆಯ ಗಿರಾಕಿ ವಕೀಲರು ಬೆಳಿಗ್ಗೆ ಬೇಗನೆ ಬಂದರು. ಅವರ ಕಪ್ಪು ಕೋಟು ಗುಂಡಿ ಹಾಕಿಸಿಕೊಂಡು ಟ್ರಯಲ್ ರೂಮಿನ ಮೊಳೆಯಲ್ಲಿ ತೂಗುತ್ತಿತ್ತು, ಪ್ಯಾಂಟಿಗೆ ಉದ್ದದ ಗುರುತು ಹಾಕುವುದಿತ್ತು. ಮನೆಯವಳು ಕಾಣಲಿಲ್ಲ. ಸರಿ, ಇಷ್ಟೆಲ್ಲ ಕತ್ತರಿಸಿಕೊಂಡದ್ದು ಯಾತಕ್ಕೆ ಎಂದು ನಾನೇ ಪಿನ್ನು ಕಚ್ಚಿಕೊಂಡು ಮಂಡಿಯೂರಿದೆ. ಓಟ್ಸ್ ಗಂಜಿಯವರೇ, ಕೂತೆ! ಯಾರೂ ಹಿಡಿಯದೆ, ಏನೂ ಹರಿಯದೆ ಕೂತೆ. ಆ ಖುಷಿಯಲ್ಲಿ ತಲೆ ತಿರುಗಿಸಿದರೆ ಎದುರಿಗೇ ಟ್ರಯಲ್ ರೂಮಿನ ಪರದೆ. ಅದನ್ನು ಹೊಲಿದವನು ನಾನೇ. ಬಟ್ಟೆ ಉಳಿಸಲೆಂದು ನೆಲದಿಂದ ಒಂದು ಗೇಣು ಮೇಲಕ್ಕೇ ನಿಲ್ಲಿಸಿದ್ದೆ. ನಿಂತವರಿಗೆ ಪರದೆ, ಮಂಡಿಯೂರಿದವನಿಗೆ ಕಿಟಕಿ. ಆ ಕಿಟಕಿಯಲ್ಲಿ ಎರಡು ಪರಿಚಿತ ಹಿಮ್ಮಡಿಗಳು, ಅವುಗಳ ಸುತ್ತ ಉದುರುತ್ತಿದ್ದ ಪುಡಿ. ಮೇಲಿನಿಂದ ಬಹಳ ಎಚ್ಚರಿಕೆಯ, ತಡೆದು ತಡೆದು ಬರುವ ಒಂದು ಕುರುಂ. ಅದರ ಹಿಂದೆ ಬಿಕ್ಕಳಿಕೆ. ನೀರಿಲ್ಲದೆ, ನಿಂತುಕೊಂಡು, ಅವಸರದಲ್ಲಿ ತಿಂದರೆ ಬರುವ ಬಿಕ್ಕಳಿಕೆ.

"ಏನ್ ಮಾಸ್ಟ್ರೇ, ಅಲ್ಲೇ ನಿದ್ದೆ ಹೋದ್ರಾ?" ಎಂದರು ವಕೀಲರು. ಬಾಯಲ್ಲಿದ್ದ ಪಿನ್ನೊಂದನ್ನು ತೆಗೆದು ಅವರ ಪ್ಯಾಂಟಿನ ಅಂಚಿಗೆ ಚುಚ್ಚಿದೆ.

ಅವಳು ಮೇಲೆ ಹೋದ ಮೇಲೆ ನಾನು ಒಳಗೆ ಹೋಗಿ ನೋಡಿದೆ. ಸ್ಟೂಲಿನ ಹಿಂದೆ ನಮ್ಮ ಟೋಸ್ಟರು, ನಾನು ಕಟ್ಟಿದ ಕಪ್ಪು ರಿಬ್ಬನ್ನಿನ ಸಮೇತ. ಉಳಿದ ತುಂಡುಬಟ್ಟೆಗಳನ್ನು ಗಿರಾಕಿಗಳಿಗೆಂದು ಎತ್ತಿಡುವ ಡಬ್ಬದಲ್ಲಿ, ಅಳತೆ ಕತ್ತರಿಸುವ ಕಂದು ಕಾಗದದಲ್ಲಿ ಸುತ್ತಿದ ಒಂದು ಪೊಟ್ಟಣ. ಬಿಚ್ಚಿದೆ. ಬ್ರೆಡ್ಡಿನ ಅಂಚುಗಳು, ನಾಲ್ಕೂ ಕಡೆಯವು, ಉದ್ದಕ್ಕೆ ಜೋಡಿಸಿದ್ದವು. ಎಸೆಯಬಹುದಿತ್ತು, ಬೀದಿಯಲ್ಲಿ ಹಕ್ಕಿಗಳಿಲ್ಲವೇ? ಎಸೆದಿರಲಿಲ್ಲ. ಇರುವ ಹಾಗೇ ಸುತ್ತಿಟ್ಟು ಹೊರಬಂದೆ. ಆದರೆ ಗುಟ್ಟು ಉಳಿಸಿಕೊಳ್ಳಲು ಹೊಟ್ಟೆ ಸ್ವಲ್ಪ ದೊಡ್ಡದಿರಬೇಕು; ನನ್ನದರಲ್ಲಿ ಎರಡೇ ದಿನ ನಿಂತಿತು.

ಆದ್ದರಿಂದ ತಮ್ಮಲ್ಲಿ ಕೆಲವು ವಿನಂತಿಗಳು. ತಾವು ದಯವಿಟ್ಟು ನಾಳೆಯಿಂದ ಕುರುಂ ಎನ್ನುವುದನ್ನು ಕಲಿಯಬೇಕು. ಪೂರ್ತಿ ಕುರುಂ ಆಗದಿದ್ದರೆ ಕು ಆದರೂ ಸಾಕು, ರುಂ ಅನ್ನು ನಾನೇ ಬಾಯಲ್ಲಿ ಮಾಡಿಕೊಳ್ಳುತ್ತೇನೆ. ತಾವು ಒಂದು ಅಂಚು ಬೆಳೆಸಿಕೊಳ್ಳಬೇಕು, ಏಕೆಂದರೆ ಅಂಚಿಲ್ಲದ ವಸ್ತುವನ್ನು ಇಬ್ಬರು ಹಂಚಿಕೊಳ್ಳುವುದು ಹೇಗೆಂದು ನನಗೆ ಇನ್ನೂ ಗೊತ್ತಾಗಿಲ್ಲ. ಇವೆರಡೂ ಆಗದಿದ್ದರೆ, ತಾವೇ ಬಟ್ಟಲಿನಿಂದ ಇಳಿದು, ಮೆಟ್ಟಿಲು ಇಳಿದು, ಪರದೆಯ ಕೆಳಗಿನ ಒಂದು ಗೇಣಿನಲ್ಲಿ ನುಸುಳಿ, ಒಳಗಿರುವವರಿಗೆ ಒಂದು ಮಾತು ಹೇಳಬೇಕು: ಈ ಮುದುಕನಿಗೆ ಟೋಸ್ಟು ಕಂಡರೆ ಆಸೆಯಾಗುವುದು ನಿಜ, ಆದರೆ ಎದುರಿನ ಖಾಲಿ ಕುರ್ಚಿ ಕಂಡರೆ ಆರು ಚಮಚವೂ ಇಳಿಯುವುದಿಲ್ಲ. ತಾವು ನಿಧಾನಸ್ಥರು, ತಲುಪುವುದು ತಡವಾದೀತೆಂದು ಈ ಪತ್ರವನ್ನು ಬಹಿರಂಗವಾಗಿ ಬರೆದಿದ್ದೇನೆ. ಬಹಿರಂಗವೆಂದ ಮಾತ್ರಕ್ಕೆ ಊರೆಲ್ಲ ಓದಬೇಕೆಂದಿಲ್ಲ. ಟ್ರಯಲ್ ರೂಮಿನ ಕನ್ನಡಿಯ ಮರದ ಚೌಕಟ್ಟಿಗೆ, ತಟ್ಟೆ ಹಿಡಿದು ನಿಂತವರ ಕಣ್ಣಿನ ಮಟ್ಟಕ್ಕೆ, ನಾಲ್ಕು ಪಿನ್ನಿನಿಂದ ಚುಚ್ಚಿದ್ದೇನೆ.

ಇಂತಿ, ಬೇರೆ ದಾರಿಯಿಲ್ಲದ್ದರಿಂದ ತಮ್ಮ ವಿಶ್ವಾಸಿ,
ಮೇಲ್ಮನೆಯ ಮೇಜಿನ ಈ ಕಡೆಯವನು

ತಾ.ಕ.: ಇದನ್ನು ಓದುತ್ತಿರುವವರು ಕಾಲೆತ್ತಿ ಸ್ಟೂಲಿನ ಮೇಲೆ ಬಚ್ಚಿಟ್ಟುಕೊಳ್ಳುವುದು ಬೇಡ, ಮಂಡಿಗೆ ನೋವಾದೀತು. ಬೆಣ್ಣೆಯ ಕೈಯನ್ನು ವಕೀಲರ ಕೋಟಿನ ಒಳಬಟ್ಟೆಗೆ ಒರೆಸುವುದೂ ಬೇಡ. ನಿನ್ನೆಯದನ್ನು ತೆಗೆಯಲು ನನಗೆ ಅರ್ಧ ದಿನ ಹಿಡಿಯಿತು. ಟೋಸ್ಟರು ತೆಗೆದುಕೊಂಡು ಮೇಲೆ ಬನ್ನಿ, ರಿಬ್ಬನ್ ಹಾಗೇ ಇರಲಿ. ಬ್ರೆಡ್ಡಿಗೆ ಮೇಡಂ ಇನ್ನೂ ಅಪ್ಪಣೆ ಕೊಟ್ಟಿಲ್ಲ, ಆದ್ದರಿಂದ ಅಂಚುಗಳನ್ನು ತಟ್ಟೆಯ ಬದಿಗಿಟ್ಟರೆ ಸಾಕು, ನೋಡಿಕೊಂಡಿರುತ್ತೇನೆ. ಆಸ್ಪತ್ರೆಯವರಂತೂ ನನ್ನ ಉಳಿದ ತುಂಡನ್ನು ಹಿಂದಿರುಗಿಸಲಿಲ್ಲ. ನೀವಾದರೂ ಕಸುಬಿನ ಮರ್ಯಾದೆ ಉಳಿಸಿ.